ಓದುಗರ ಪ್ರಶ್ನೆ: ಸುಟ್ಟ ಸುರುಳಿಗಳಲ್ಲಿ ರೋಮಿನ ಚರಿತ್ರೆ ಎಷ್ಟಿದೆ?

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಊರಿನ ಒಂದು ಬಂಗಲೆಯಲ್ಲಿ ಇದ್ದಿಲಾಗಿ ಹೂತುಹೋದ ಪಪೈರಸ್ (ಜೊಂಡಿನ ಕಾಂಡದಿಂದ ಮಾಡಿದ ಹಾಳೆ) ಸುರುಳಿಗಳನ್ನು ಈಗ ಬಿಚ್ಚದೆಯೇ ಓದುತ್ತಿದ್ದಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಉಡುಪಿ, ಮಂಗಳೂರು ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ತಾಳೆಗರಿಯ ಬಗ್ಗೆ ಬಂದ ಪ್ರಶ್ನೆಯೊಂದು ವಿಷಯದಿಂದ ತುಸು ಆಚೆಗಿದ್ದರೂ ಬಿಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ಲಿವಿ ಬರೆದ ರೋಮ್ ಚರಿತ್ರೆಯ ಮುಕ್ಕಾಲು ಪಾಲು ಕಳೆದುಹೋಗಿದೆ ಎಂದು ಪಾಠ ಮಾಡುತ್ತ ಬಂದಿದ್ದೇನೆ. ಈ ಸುರುಳಿಗಳಲ್ಲಿ ಅದು ಸಿಗಬಹುದೇ? ಮಕ್ಕಳು ಕೇಳಿದರೆ ಏನು ಹೇಳಲಿ?
(ಇತಿಹಾಸ ಉಪನ್ಯಾಸಕರು, ಉಡುಪಿ)

ಉತ್ತರ: ನೀವು ಹೇಳುವ ಲೆಕ್ಕ ಸರಿಯಾಗಿಯೇ ಇದೆ. ಲಿವಿಯ 142 ಪುಸ್ತಕಗಳಲ್ಲಿ ಉಳಿದದ್ದು 35 ಮಾತ್ರ: 1ರಿಂದ 10, ಮತ್ತು 21ರಿಂದ 45. ಕೊನೆಯ ಐದರಲ್ಲಿ ಅಲ್ಲಲ್ಲಿ ಭಾಗಗಳೇ ಇಲ್ಲ. ಈ ಗತಿ ಲಿವಿಯೊಬ್ಬನಿಗೇ ಬಂದದ್ದಲ್ಲ. ಅಂತರ್ಯುದ್ಧವನ್ನು ಹತ್ತಿರದಿಂದ ಕಂಡು ಬರೆದ ಆಸಿನಿಯಸ್ ಪೊಲಿಯೊನ ಚರಿತ್ರೆಯೂ ಕಳೆದುಹೋಯಿತು. ಸೀಸರನನ್ನು ಕೊಂದ ಬ್ರೂಟಸ್‌ನನ್ನು ಹೊಗಳಿದ್ದಕ್ಕೆ ಕ್ರಿ.ಶ. 25ರಲ್ಲಿ ಚರಿತ್ರಕಾರ ಕ್ರೆಮುಟಿಯಸ್ ಕಾರ್ಡಸ್‌ನ ಪುಸ್ತಕಗಳನ್ನು ಸುಡಿಸಿದರು. ಚಕ್ರವರ್ತಿ ಕ್ಲಾಡಿಯಸ್ ಎಟ್ರಸ್ಕನ್ ಜನರ ಬಗ್ಗೆ ಬರೆದ 20 ಪುಸ್ತಕಗಳೂ ಇಲ್ಲ.

ಆದರೆ ಹರ್ಕ್ಯುಲೇನಿಯಮ್ಮಿನ ಬಂಗಲೆಯಲ್ಲಿ ಸಿಕ್ಕಿದ್ದು ಸಾರ್ವಜನಿಕ ಗ್ರಂಥಾಲಯವಲ್ಲ ಎಂಬುದನ್ನು ಮಕ್ಕಳಿಗೆ ಮೊದಲು ಹೇಳಿ. ಜೂಲಿಯಸ್ ಸೀಸರನ ಮಾವ ಪೀಸೊನ ಮನೆತನದ್ದು ಎಂದು ಬಹುಮಂದಿ ವಿದ್ವಾಂಸರು ನಂಬುವ ಮನೆ ಅದು. ಪುಸ್ತಕಗಳು ಹೆಚ್ಚಾಗಿ ಎಪಿಕ್ಯೂರಸ್ ಪಂಥದ ತತ್ತ್ವಜ್ಞಾನಿ ಫಿಲೊಡೆಮಸ್‌ನವು, ಗ್ರೀಕ್ ಭಾಷೆಯವು. ಕ್ಯಾಟಲಾಗಿನಲ್ಲಿ 1,800ಕ್ಕೂ ಹೆಚ್ಚು ನಂಬರುಗಳಿವೆ ನಿಜ, ಆದರೆ ಒಂದೇ ಸುರುಳಿಯ ಚೂರುಗಳಿಗೆ ಬೇರೆಬೇರೆ ನಂಬರು ಬಿದ್ದಿರುವುದರಿಂದ ಪುಸ್ತಕಗಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಬಿಚ್ಚದೆ ಉಳಿದವು ಕೆಲವು ನೂರು. ಲ್ಯಾಟಿನ್ ಸುರುಳಿಗಳು ಕೆಲವು ಹತ್ತುಗಳಷ್ಟೇ. ಸಾಲದ್ದಕ್ಕೆ ಅವುಗಳ ಸ್ಥಿತಿ ಗ್ರೀಕ್ ಸುರುಳಿಗಳಿಗಿಂತ ಕೆಟ್ಟದಾಗಿದೆ.

ಆ ಕೆಲವು ಹತ್ತರಲ್ಲಿ ಚರಿತ್ರೆ ಇಲ್ಲವೆಂದಲ್ಲ. ನೇಪಲ್ಸಿನಲ್ಲಿರುವ 1067ನೇ ನಂಬರಿನ ಸುರುಳಿಯನ್ನು ಯಾವುದೋ ರಾಜಕೀಯ ಭಾಷಣವೆಂದು ಬಹುಕಾಲ ತಿಳಿದಿದ್ದರು. ಅದರ ಕೊನೆಯಲ್ಲಿರುವ ಹೆಸರನ್ನು ವಲೇರಿಯಾ ಪಿಯಾನೊ ಹೊಸದಾಗಿ ಓದಿ, ಅದು ಹಿರಿಯ ಸೆನೆಕಾನದು ಎಂದು 2017ರಲ್ಲಿ ಪ್ರಕಟಿಸಿದರು. ತತ್ತ್ವಜ್ಞಾನಿ ಸೆನೆಕಾನ ತಂದೆ ಈತ. ಅಂತರ್ಯುದ್ಧಗಳ ಆರಂಭದಿಂದ ತಾನು ಸಾಯುವ ದಿನಗಳವರೆಗಿನ ಚರಿತ್ರೆಯನ್ನು ಬರೆದಿದ್ದನೆಂದು ಮಗ ಹೇಳಿದ್ದು ಬಿಟ್ಟರೆ ಆ ಕೃತಿಯ ಹೆಚ್ಚಿನ ಸುಳಿವು ಇರಲಿಲ್ಲ. ಈಗ ಸಿಕ್ಕಿರುವುದೂ ಪುಸ್ತಕವಲ್ಲ, ಆಗಸ್ಟಸ್ ಮತ್ತು ಟೈಬೀರಿಯಸ್‌ರ ಕಾಲವನ್ನು ಮುಟ್ಟುವ ಚೂರುಗಳು. ಇನ್ನೊಂದು, 817ನೇ ಸುರುಳಿ: ಕ್ರಿ.ಪೂ. 31ರ ಆಕ್ಟಿಯಮ್ ಯುದ್ಧ ಹಾಗೂ ಅದರ ನಂತರದ ಈಜಿಪ್ಟಿನ ಕುರಿತ ಲ್ಯಾಟಿನ್ ಕಾವ್ಯ. ಮರಣದಂಡನೆಯಾದವರ ಮೇಲೆ ಸಾವಿನ ಬಗೆಬಗೆಯ ದಾರಿಗಳನ್ನು ಪ್ರಯೋಗಿಸುವುದನ್ನು ಕ್ಲಿಯೋಪಾತ್ರ ನೋಡುತ್ತ ಕೂರುವ ದೃಶ್ಯ ಅದರಲ್ಲಿದೆ. ಕವಿ ಯಾರೋ ಗೊತ್ತಿಲ್ಲ.

ಲಿವಿಯ ವಿಷಯಕ್ಕೆ ಬಂದರೆ, ಇದುವರೆಗೆ ನೆರವಾದದ್ದು ಇಟಲಿಯ ಇದ್ದಿಲಿಗಿಂತ ಈಜಿಪ್ಟಿನ ಒಣ ಮರಳು. ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಗ್ರೆನ್ಫೆಲ್ ಮತ್ತು ಹಂಟ್ 1896ರಿಂದ ಅಗೆದರು. ಅಲ್ಲಿ ಸಿಕ್ಕಿ 1904ರಲ್ಲಿ ಅಚ್ಚಾದ 668ನೇ ಪಪೈರಸ್‌ನಲ್ಲಿ ಲಿವಿಯ 37ರಿಂದ 40, 48ರಿಂದ 55ನೇ ಪುಸ್ತಕಗಳ ಸಾರಾಂಶವಿದೆ. 48ರಿಂದ ಮುಂದಿನವು ಮೂಲದಲ್ಲಿ ಉಳಿದೇ ಇಲ್ಲದ ಪುಸ್ತಕಗಳು. ಈ ಸಾರಾಂಶ ಬೇಡವಾದ ಮೇಲೆ ಯಾರೋ ಅದೇ ಸುರುಳಿಯ ಹಿಂಬದಿಯಲ್ಲಿ ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಗ್ರೀಕಿನಲ್ಲಿ ನಕಲು ಮಾಡಿಕೊಂಡರು. ಮಂಗಳೂರಿನ ಸೆಮಿನರಿಗಳಲ್ಲಿ ಓದುವವರಿಗೆ ಆ ಹಿಂಬದಿಯೇ ಹೆಚ್ಚು ಪರಿಚಿತ. ಹೊಸ ಒಡಂಬಡಿಕೆಯ ಪಪೈರಸ್ ಪಟ್ಟಿಯಲ್ಲಿ ಅದರ ನಂಬರು 13.

ಆದ್ದರಿಂದ ಮಕ್ಕಳಿಗೆ ಹೇಳಬೇಕಾದದ್ದು: ಸಾಲುಗಳು ಸಿಗುತ್ತವೆ, ಅದೃಷ್ಟವಿದ್ದರೆ ಪುಟಗಳು. 107 ಪುಸ್ತಕಗಳನ್ನು ಕಾಯುತ್ತ ಕೂರುವುದು ಬೇಡ. ಆ ಬಂಗಲೆಯ ಕೆಳ ಅಂತಸ್ತುಗಳನ್ನು ಪೂರ್ತಿ ಅಗೆದಿಲ್ಲ, ಅಲ್ಲಿ ಲ್ಯಾಟಿನ್ ಪುಸ್ತಕಗಳ ಬೇರೊಂದು ಕೋಣೆ ಇರಬಹುದು ಎಂಬ ವಾದವಿದೆ. ಅಗೆಯುವವರೆಗೆ ಅದು ವಾದ ಮಾತ್ರ.

ಪ್ರಶ್ನೆ: ಬಿಚ್ಚದೆ ಓದುವುದೆಂದರೆ ನಿಜವಾಗಿ ಏನು ಮಾಡುತ್ತಾರೆ? ನಮ್ಮ ಮಂಗಳೂರಿನಲ್ಲಿ ಬೀದಿಗೊಂದು ಸಿ.ಟಿ. ಸ್ಕ್ಯಾನ್ ಇದೆಯಲ್ಲ, ಅದರಲ್ಲಿ ಆಗುವುದಿಲ್ಲವೇ?
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಆಸ್ಪತ್ರೆಯ ಸ್ಕ್ಯಾನರಿಗೆ ಅರ್ಧ ಮಿಲಿಮೀಟರಿನ ಆಸುಪಾಸು, ಅಂದರೆ 500 ಮೈಕ್ರಾನಿಗಿಂತ ಸಣ್ಣದನ್ನು ಬಿಡಿಸಿ ತೋರಿಸುವುದು ಕಷ್ಟ. ಪಪೈರಸ್‌ನ ಒಂದು ಪದರ ಸುಮಾರು 100ರಿಂದ 200 ಮೈಕ್ರಾನ್. ಮೂರ್ನಾಲ್ಕು ಪದರ ಒಂದೇ ಚುಕ್ಕೆಯೊಳಗೆ ಬಿದ್ದರೆ ಬಿಡಿಸುವುದೇನನ್ನು? ಅದಕ್ಕೇ ಆಕ್ಸ್‌ಫರ್ಡ್ ಬಳಿಯಿರುವ, ತೀಕ್ಷ್ಣ ಎಕ್ಸ್‌ರೇ ಕೊಡುವ ಡೈಮಂಡ್ ಸಿಂಕ್ರೊಟ್ರಾನ್‌ನಂಥ ಕಡೆ ಹೋಗುತ್ತಾರೆ. ಹರ್ಕ್ಯುಲೇನಿಯಮ್ಮಿನಲ್ಲಿ ಸಿಕ್ಕಿ ಈಗ ಪ್ಯಾರಿಸ್ಸಿನಲ್ಲಿರುವ ಒಂದು ಸುರುಳಿಯನ್ನು ಅಲ್ಲಿ 7.91 ಮೈಕ್ರಾನ್ ಅಂತರದಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಒಂದೇ ಸುರುಳಿಯ ದತ್ತಾಂಶ ಟೆರಾಬೈಟುಗಳ ಲೆಕ್ಕದಲ್ಲಿರುತ್ತದೆ.

ಕೆಲಸ ನಡೆಯುವ ಕ್ರಮ ಹೀಗೆ. ಮೊದಲು ಸುರುಳಿಯ ಹೊರ ಆಕಾರಕ್ಕೆ ಸರಿಯಾಗಿ ತ್ರೀಡಿ ಪ್ರಿಂಟರಿನಲ್ಲಿ ಒಂದು ಕವಚ ಮಾಡಿ ಅದರೊಳಗೆ ಕೂರಿಸುತ್ತಾರೆ. ಸ್ಕ್ಯಾನಿನ ವೇಳೆ ಸುರುಳಿ ತಿರುಗಬೇಕು, ಆದರೆ ಕವಚದೊಳಗೆ ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿದರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ, ಇದ್ದಿಲು ಪುಡಿಯಾಗಿ ಉದುರುತ್ತದೆ.

ಸ್ಕ್ಯಾನಿನಿಂದ ಸಿಗುವುದು ಸಾವಿರಾರು ಅಡ್ಡ ಸೀಳುಗಳು. ಬೆಂದ ಪತ್ರೊಡೆಯನ್ನು ಬಿಲ್ಲೆಯಾಗಿ ಕೊಯ್ದಾಗ ಎಲೆಯ ಗೆರೆ ಸುತ್ತುಸುತ್ತಾಗಿ ಕಾಣುತ್ತದಲ್ಲ, ಪ್ರತಿ ಸೀಳಿನಲ್ಲಿಯೂ ಪಪೈರಸ್ ಹಾಗೆಯೇ ಕಾಣುತ್ತದೆ. ಎರಡನೆಯ ಹಂತದಲ್ಲಿ ಆ ಗೆರೆಯನ್ನು ಒಂದು ಸೀಳಿನಿಂದ ಮುಂದಿನದಕ್ಕೆ ಹಿಡಿದುಕೊಂಡು ಹೋಗಿ ಒಂದು ಮೇಲ್ಮೈಯಾಗಿ ಜೋಡಿಸಬೇಕು. ಇದಕ್ಕೆ ಸೆಗ್ಮೆಂಟೇಶನ್ ಎನ್ನುತ್ತಾರೆ. ಸಮಯ, ಹಣ ಎರಡನ್ನೂ ನುಂಗುವ ಕೆಲಸ ಇದೇ. ಸುರುಳಿಗಳು ದುಂಡಗಿಲ್ಲ; ಬಿಸಿ ಬೂದಿಯ ಭಾರಕ್ಕೆ ಜಜ್ಜಿಹೋಗಿವೆ. ಪದರಗಳು ಒತ್ತಿಕೊಂಡ ಕಡೆ ಗೆರೆ ತನಗೆ ತಾನೇ ಪಕ್ಕದ ಸುತ್ತಿಗೆ ಜಿಗಿಯುತ್ತದೆ. ಜಿಗಿದದ್ದು ಗಮನಕ್ಕೆ ಬಾರದಿದ್ದರೆ ಒಂದು ಅಂಕಣದ ಎಡ ಅರ್ಧಕ್ಕೆ ಬೇರೊಂದು ಅಂಕಣದ ಬಲ ಅರ್ಧ ಅಂಟಿಕೊಂಡು, ನೋಡಲು ಅಕ್ಷರಗಳಿದ್ದರೂ ಓದಲು ಅರ್ಥವಿಲ್ಲದ ಸಾಲು ಹುಟ್ಟುತ್ತದೆ. ತಂತ್ರಾಂಶ ಸಾಕಷ್ಟನ್ನು ತಾನೇ ಮಾಡುತ್ತದೆ, ಆದರೂ ಇಂಥ ಕಡೆ ಮನುಷ್ಯರು ಕೂತು ತಿದ್ದಬೇಕು.

ಮೂರನೆಯದು, ಹಾಗೆ ಸಿಕ್ಕ ಸುಕ್ಕುಸುಕ್ಕಾದ ಮೇಲ್ಮೈಯನ್ನು ಗಣಿತದಿಂದ ಚಪ್ಪಟೆ ಮಾಡುವುದು. ಬರೀ ಮೇಲ್ಮೈ ಸಾಲದು, ಅದರ ಮೇಲೆ ಕೆಳಗೆ 32ರಂತೆ ಒಟ್ಟು 65 ತೆಳುಪದರಗಳನ್ನು ಕತ್ತರಿಸಿಕೊಳ್ಳುವ ರೂಢಿಯಿದೆ, ಏಕೆಂದರೆ ಮಸಿ ಎಷ್ಟು ಆಳದಲ್ಲಿ ಕೂತಿದೆಯೆಂದು ಮೊದಲೇ ಹೇಳಲಾಗದು.

ನಾಲ್ಕನೆಯದು ಮಸಿ ಹುಡುಕುವುದು. ಇಲ್ಲಿಯೇ ಹತ್ತಾರು ವರ್ಷ ಎಲ್ಲರೂ ಸಿಕ್ಕಿಬಿದ್ದದ್ದು. ರೋಮನರ ಮಸಿ ಎಂದರೆ ದೀಪದ ಕಾಡಿಗೆ, ಗೋಂದು, ನೀರು. ಕಾಡಿಗೆಯೂ ಇಂಗಾಲ, ಸುಟ್ಟ ಪಪೈರಸ್ಸೂ ಇಂಗಾಲ. ಎಕ್ಸ್‌ರೇಗೆ ಎರಡೂ ಒಂದೇ. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಇಸ್ರೇಲಿನ ಎನ್‌ಗೆದಿಯ ಸುಟ್ಟ ಸುರುಳಿಯಲ್ಲಿ ಬೈಬಲಿನ ಯಾಜಕಕಾಂಡವನ್ನು ಓದಿಸಿ 2015-16ರ ಹೊತ್ತಿಗೇ ಗೆದ್ದಿದ್ದರು. ಅದರ ಮಸಿ ಸ್ಕ್ಯಾನಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತಿತ್ತು, ಆ ಅನುಕೂಲ ಪ್ಯಾರಿಸ್ಸಿನ ಸುರುಳಿಯಲ್ಲಿ ಇರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಬಣ್ಣವಲ್ಲ, ಮೈ. ಒಣಗಿದ ಮಸಿ ಬಿರುಕುಬಿಟ್ಟ ಪೊರೆಯಾಗಿ ನಾರಿನ ಮೇಲೆ ಕೂತಿರುತ್ತದೆ. 2023ರಲ್ಲಿ 'ವೆಸೂವಿಯಸ್ ಚಾಲೆಂಜ್' ಎಂಬ ಸ್ಪರ್ಧೆಯಲ್ಲಿ ಕೇಸಿ ಹ್ಯಾಂಡ್ಮರ್ ಸ್ಕ್ಯಾನನ್ನು ಬರಿಗಣ್ಣಿನಲ್ಲಿ ದಿಟ್ಟಿಸಿ ಆ ಬಿರುಕಿನ ಗುರುತು ಕಂಡುಹಿಡಿದರು; ನೆಬ್ರಾಸ್ಕದ ವಿದ್ಯಾರ್ಥಿ ಲ್ಯೂಕ್ ಫ್ಯಾರಿಟರ್ ಅದನ್ನು ಯಂತ್ರಕ್ಕೆ ಕಲಿಸಿ ಅದೇ ಅಕ್ಟೋಬರಿನಲ್ಲಿ ನೇರಳೆ ಬಣ್ಣದ ಹೆಸರಾದ 'ಪೋರ್ಫ್ಯೂರಾಸ್' ಎಂಬ ಪದವನ್ನು ತೆಗೆದರು. ನಾಲ್ಕು ಚದರ ಸೆಂಟಿಮೀಟರಿನೊಳಗೆ ಹತ್ತು ಅಕ್ಷರ ತೋರಿಸಬೇಕೆಂಬ ಆ ಸ್ಪರ್ಧೆಯ ಬಹುಮಾನ 40,000 ಡಾಲರ್. 2024ರ ಫೆಬ್ರವರಿಯಲ್ಲಿ ಯೂಸೆಫ್ ನಾದೆರ್, ಫ್ಯಾರಿಟರ್, ಜೂಲಿಯನ್ ಶಿಲ್ಲಿಗರ್ ಮೂವರೂ ಸೇರಿ 15 ಅಂಕಣ, 2,000ಕ್ಕೂ ಹೆಚ್ಚು ಅಕ್ಷರ ಓದಿಸಿ 7 ಲಕ್ಷ ಡಾಲರ್ ಗೆದ್ದರು. ಅದು ಆ ಸುರುಳಿಯ ನೂರಕ್ಕೆ ಐದು ಪಾಲು.

ನಿಮಗೆ ಕೈಯಾಡಿಸುವ ಮನಸ್ಸಿದ್ದರೆ, ಈ ಸ್ಪರ್ಧೆಯ ದತ್ತಾಂಶ ಎಲ್ಲರಿಗೂ ತೆರೆದಿದೆ. ಪೈಥಾನ್, ಪೈಟಾರ್ಚ್ ಬರಬೇಕು. ಇಡೀ ಸುರುಳಿಯನ್ನು ಇಳಿಸಿಕೊಳ್ಳಲು ಹೋಗಬೇಡಿ, ಹಾಸ್ಟೆಲಿನ ವೈಫೈ ಸಾಯುತ್ತದೆ. ಒಡೆದ ಚೂರುಗಳಿಂದ ಶುರುಮಾಡಿ: ಅವುಗಳ ಮೇಲೆ ಮಸಿ ಇನ್‌ಫ್ರಾರೆಡ್ ಫೋಟೊದಲ್ಲಿ ಕಾಣುತ್ತದೆ, ಆ ಫೋಟೊವನ್ನು ಸ್ಕ್ಯಾನಿಗೆ ತಾಳೆ ಹಾಕಿ ಯಂತ್ರಕ್ಕೆ 'ಇದು ಮಸಿ, ಇದು ಅಲ್ಲ' ಎಂದು ಕಲಿಸಬಹುದು.

ಪ್ರಶ್ನೆ: ಎ.ಐ. ಇಲ್ಲದ್ದನ್ನು ಇದೆಯೆಂದು ಹೇಳುವುದು ನಮಗೆಲ್ಲ ಗೊತ್ತಿದೆ ಮಾರಾಯ್ರೆ. ಸುರುಳಿಯಲ್ಲಿ ಇಲ್ಲದ ಅಕ್ಷರವನ್ನೂ ಅದು ಹುಟ್ಟಿಸಲಾರದೇ?
(ಓದುಗರು, ಕುಂದಾಪುರ)

ಉತ್ತರ: ಹುಟ್ಟಿಸಬಹುದು, ಅದಕ್ಕೇ ಯಂತ್ರದ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಗೆದ್ದ ತಂಡದ ಮಾದರಿ ಒಂದು ಸಲಕ್ಕೆ ನೋಡುವುದು 64ಕ್ಕೆ 64 ಚುಕ್ಕೆಗಳ ಕಿಟಕಿಯನ್ನು ಮಾತ್ರ, ಅಂದರೆ ಅರ್ಧ ಮಿಲಿಮೀಟರ್. ಸುರುಳಿಯ ಅಕ್ಷರಗಳು ಅದಕ್ಕಿಂತ ಹಲವು ಪಟ್ಟು ದೊಡ್ಡವು. ಇಡೀ ಅಕ್ಷರ ಹೇಗಿರುತ್ತದೆಂದು ಕಾಣಲು ಅವಕಾಶವೇ ಕೊಡದಿದ್ದರೆ, ಗ್ರೀಕ್ ಎಂದರೇನೆಂದೇ ಅದಕ್ಕೆ ತಿಳಿಯದು. ಇಲ್ಲಿ ಮಸಿ ಇದೆ, ಇಲ್ಲಿಲ್ಲ ಎಂದಷ್ಟೇ ಅದು ಹೇಳಬೇಕು. ಆ ಚುಕ್ಕೆಗಳು ಸೇರಿ ಅಕ್ಷರವಾದರೆ ಅದು ಸುರುಳಿಯಿಂದಲೇ ಬಂದದ್ದು. ಮೊದಲ ಪದವನ್ನು ಫ್ಯಾರಿಟರ್ ಮತ್ತು ನಾದೆರ್ ಬೇರೆಬೇರೆ ವಿಧಾನದಿಂದ ಅದೇ ಜಾಗದಲ್ಲಿ ಪಡೆದದ್ದು ಇನ್ನೂ ಗಟ್ಟಿ ಸಾಕ್ಷಿ.

ಅಪಾಯ ಹೆಚ್ಚಿರುವುದು ಯಂತ್ರ ಕೊಟ್ಟ ಚಿತ್ರವನ್ನು ಮನುಷ್ಯರು ಓದುವಾಗ. ಪಪೈರಸ್‌ನ ನಾರು ಅಡ್ಡ-ಉದ್ದ ಇರುವುದರಿಂದ ಗ್ರೀಕಿನ ನೇರಗೆರೆಯ ಅಕ್ಷರಗಳನ್ನು ನಾರಿನಲ್ಲೇ ಕಾಣುವ ಚಪಲ ಯಾರಿಗೂ ಬರುತ್ತದೆ. ದುಂಡಗಿನ ಅಕ್ಷರ ಕಂಡರೆ ಹೆಚ್ಚು ನಂಬಬಹುದು, ನಾರು ಹಾಗೆ ಬಾಗುವುದಿಲ್ಲ.

ಪ್ರಶ್ನೆ: ಹಿಂದಿನವರು ಸುರುಳಿಗಳನ್ನು ಬಿಚ್ಚಲು ಹೋಗಿ ಹಾಳು ಮಾಡಿದರಂತೆ. ಹೇಗೆ?
(ಗೃಹಿಣಿ, ಬಂಟ್ವಾಳ)

ಉತ್ತರ: 1750ರಲ್ಲಿ ಬಾವಿ ತೋಡುವಾಗ ಬಂಗಲೆ ಸಿಕ್ಕಿತು, 1752ರಿಂದ 54ರೊಳಗೆ ಸುರುಳಿಗಳು. ಮೊದಮೊದಲು ಅವನ್ನು ಉದ್ದಕ್ಕೆ ಸೀಳಿ ಒಳಗಿನ ತಿರುಳು ಹೊರತೆಗೆದು, ಕಾಣುವ ಪದರ ನಕಲು ಮಾಡಿಕೊಂಡು, ಅದನ್ನು ಕೆರೆದು ಮುಂದಿನದನ್ನು ನೋಡುತ್ತಿದ್ದರು. ನಕಲಾದ ಪದರ ಅಲ್ಲಿಗೆ ಮುಗಿಯಿತು. ಆ ಕಾಲದ ಎಷ್ಟೋ ಪುಟಗಳಿಗೆ ಇಂದು ಇರುವ ಆಧಾರ ಗ್ರೀಕ್ ಸರಿಯಾಗಿ ಬಾರದ ಚಿತ್ರಕಾರರು ಬರೆದ ಪೆನ್ಸಿಲ್ ನಕಲು. ಭಾಷೆ ಬಾರದ್ದೇ ಒಳ್ಳೆಯದಾಯಿತು ಎನ್ನುವವರಿದ್ದಾರೆ: ಅರ್ಥ ತಿಳಿಯದವನು ಕಂಡದ್ದನ್ನೇ ಬರೆಯುತ್ತಾನೆ, ತಿದ್ದುವುದಿಲ್ಲ.

1753ರಲ್ಲಿ ವ್ಯಾಟಿಕನ್ನಿನಿಂದ ಬಂದ ಪಾದ್ರಿ ಆಂಟೊನಿಯೊ ಪಿಯಾಜ್ಜೊ ಒಂದು ಚೌಕಟ್ಟು ಮಾಡಿದರು. ಸುರುಳಿಯ ಬೆನ್ನಿಗೆ ಪ್ರಾಣಿಯ ತೆಳುಪೊರೆಯ ಚೂರುಗಳನ್ನು ಅಂಟಿಸಿ, ಅದಕ್ಕೆ ರೇಷ್ಮೆ ದಾರ ಕಟ್ಟಿ, ಸುರುಳಿ ತನ್ನ ಭಾರಕ್ಕೆ ತಾನೇ ನಿಧಾನ ಬಿಚ್ಚಿಕೊಳ್ಳುವಂತೆ ತೂಗುಹಾಕುವುದು. ಮೊದಲ ಸುರುಳಿಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಬಂದದ್ದು ಫಿಲೊಡೆಮಸ್‌ನ ಸಂಗೀತದ ಕುರಿತ ಗ್ರಂಥ, ಅಚ್ಚಾದದ್ದು 1793ರಲ್ಲಿ. ಎರಡು ಪದರ ಅಂಟಿಕೊಂಡ ಕಡೆ ಮೇಲಿನದರ ತುಣುಕು ಕೆಳಗಿನದರ ಮೇಲೇ ಉಳಿಯುವುದು ಈ ವಿಧಾನದ ದೋಷ. ಹೀಗೆ ತಪ್ಪು ಪದರದ ಅಕ್ಷರಗಳು ಸಾಲಿನೊಳಗೆ ಸೇರಿಕೊಂಡು ಇವತ್ತಿಗೂ ಸಂಪಾದಕರನ್ನು ಕಾಡುತ್ತವೆ. ರಸಾಯನವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್, ಅಯೋಡಿನ್ ಬಳಸಿ ನೋಡಿ 1820ರಲ್ಲಿ ಕೈಬಿಟ್ಟರು. 1980ರ ದಶಕದಲ್ಲಿ ನಾರ್ವೆಯ ತಂಡ ಜೆಲಟಿನ್ ಮತ್ತು ಅಸಿಟಿಕ್ ಆಮ್ಲದ ದ್ರಾವಣದಿಂದ ಪದರಗಳನ್ನು ಎಬ್ಬಿಸಿತು. ಪ್ಯಾರಿಸ್ಸಿನ ಒಂದು ಸುರುಳಿ ಆ ಪ್ರಯೋಗದಲ್ಲಿ ನೂರಾರು ಚೂರಾಯಿತು. ಅಲ್ಲಿಂದಾಚೆಗೆ ಇಡೀ ಸುರುಳಿಗೆ ಕೈಹಚ್ಚುವ ಧೈರ್ಯ ಯಾರಿಗೂ ಇಲ್ಲ, ಇರಬಾರದು ಕೂಡ.

ಪ್ರಶ್ನೆ: ಇಂಥ ಪಠ್ಯಗಳ ಅನುವಾದಗಳಲ್ಲಿ ಚೌಕ ಕಂಸಗಳು ತುಂಬಿರುತ್ತವೆ. ಓದುವಾಗ ಅವನ್ನು ಬಿಟ್ಟು ಓದಬಹುದೇ?
(ವಕೀಲರು, ಕಾರ್ಕಳ)

ಉತ್ತರ: ವಕೀಲರಾದ ನೀವು ಬಿಡಲೇಬಾರದು. ಚೌಕ ಕಂಸದೊಳಗಿನದು ಪಪೈರಸ್ ಮೇಲೆ ಇಲ್ಲ, ಸಂಪಾದಕರು ತುಂಬಿಸಿದ್ದು. ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಅರೆಬರೆ ಉಳಿದ ಅಕ್ಷರ, ಬೇರೆ ಅಕ್ಷರವೂ ಆಗಿರಬಹುದು. 1931ರಲ್ಲಿ ಲೈಡನ್ನಿನಲ್ಲಿ ಸೇರಿ ಒಪ್ಪಿಕೊಂಡ ಪದ್ಧತಿ ಇದು.

ರೋಮಿನ ದಂಡನಾಯಕ ಪಾಂಪಿಯ ಬಗ್ಗೆ ಕನ್ನಡದಲ್ಲಿ ಒಂದು ಕಲ್ಪಿತ ಸಾಲು ನೋಡಿ. ಸುರುಳಿಯ ಮೇಲೆ ಉಳಿದದ್ದು ಇಷ್ಟು: '...ಪಿ ಸೈ...ದೊಂದಿಗೆ ನಗರ... ಹೊ...'. ಒಬ್ಬ ಸಂಪಾದಕ ಅದನ್ನು '[ಪಾಂ]ಪಿ ಸೈ[ನ್ಯ]ದೊಂದಿಗೆ ನಗರ[ದಿಂದ] ಹೊ[ರಟನು]' ಎಂದು ಅಚ್ಚು ಮಾಡುತ್ತಾನೆ. ಇನ್ನೊಬ್ಬ 'ನಗರ[ವನ್ನು] ಹೊ[ಕ್ಕನು]' ಎನ್ನುತ್ತಾನೆ. ಸೈನ್ಯ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ, ಪಾಂಪಿ ಬಂದನೋ ಹೋದನೋ ಎಂಬುದರಲ್ಲಿ ಮಾತ್ರ ಇಬ್ಬರ ಕಂಸಗಳೂ ಬೇರೆಯಾಗುತ್ತವೆ. ಅನುವಾದದಲ್ಲಿ ಕಂಸ ಕಳಚಿ, ಪತ್ರಿಕೆಯ ತಲೆಬರಹಕ್ಕೆ ಬರುವ ಹೊತ್ತಿಗೆ 'ಪಾಂಪಿ ನಗರ ತೊರೆದದ್ದು ದೃಢ' ಎಂದಾಗಿರುತ್ತದೆ.

ಸಂಪಾದಕರು ಮನಸ್ಸಿಗೆ ಬಂದದ್ದನ್ನು ತುಂಬಿಸುವಂತಿಲ್ಲ. ಅಂಕಣದ ಅಗಲ ಗೊತ್ತಿರುವುದರಿಂದ ಬಿಟ್ಟ ಜಾಗಕ್ಕೆ ಎಷ್ಟು ಅಕ್ಷರ ಹಿಡಿಯುತ್ತದೆಂಬ ಲೆಕ್ಕ ಇರುತ್ತದೆ. ಲೇಖಕನ ಶೈಲಿ, ವ್ಯಾಕರಣ, ಬೇರೆಡೆಯ ಉಲ್ಲೇಖಗಳಿಗೂ ಹೊಂದಬೇಕು. ಹಾಗಿದ್ದೂ ಹೊಸ ಓದು ಹಳೆಯದನ್ನು ಉರುಳಿಸುತ್ತದೆ. ಪ್ಲೇಟೊನ ಶಾಲೆಯ ಚರಿತ್ರೆ ಹೇಳುವ 1021ನೇ ಸುರುಳಿಯನ್ನು ಪೀಸಾ ವಿಶ್ವವಿದ್ಯಾಲಯದ ಗ್ರಾಜಿಯಾನೊ ರಾನೊಕ್ಕಿಯಾ ಅವರ ತಂಡ ಮತ್ತೆ ಓದಿ, ಪ್ಲೇಟೊನನ್ನು ಹೂಳಿದ್ದು ಅಕಾಡೆಮಿಯ ತೋಟದಲ್ಲಿ, ಮ್ಯೂಸ್ ದೇವತೆಗಳ ಗುಡಿಯ ಹತ್ತಿರ ಎಂದು 2024ರ ಏಪ್ರಿಲಿನಲ್ಲಿ ತಿಳಿಸಿತು. ಅದು ಬಿಚ್ಚಿ ರಟ್ಟಿಗೆ ಅಂಟಿಸಿದ ಸುರುಳಿ. ಅಂಟಿದ ಹಿಂಬದಿಯಲ್ಲಿಯೂ ಬರಹವಿದೆ. ಕಣ್ಣಿಗೆ ಕಾಣದ ಆ ಬರಹವನ್ನು 2019ರಲ್ಲಿ ಇನ್‌ಫ್ರಾರೆಡ್ ಚಿತ್ರಣದಿಂದ ಮುಂಬದಿಯ ಮೂಲಕವೇ ಹೊರತಂದಿದ್ದರು.

ಪ್ರಶ್ನೆ: ಸುರುಳಿ ಪೂರ್ತಿ ಓದುವ ಮೊದಲೇ ಅದು ಯಾವ ಪುಸ್ತಕವೆಂದು ತಿಳಿಯುವ ಉಪಾಯವಿದೆಯೇ?
(ಗ್ರಂಥಪಾಲಕಿ, ಮಣಿಪಾಲ)

ಉತ್ತರ: ಇದೆ. ಆಗಿನವರು ಲೇಖಕನ ಹೆಸರನ್ನೂ ಪುಸ್ತಕದ ಹೆಸರನ್ನೂ ಕೊನೆಯಲ್ಲಿ ಬರೆಯುತ್ತಿದ್ದರು. ಕೊನೆ ಎಂದರೆ ಸುರುಳಿಯ ಒಳಗಿನ ಸುತ್ತು. ಹೊರಗಿನ ಸುತ್ತುಗಳು ಸುಟ್ಟು ಉದುರಿದರೂ ಒಳಗಿನದು ಉಳಿಯುವ ಸಂಭವ ಹೆಚ್ಚು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ 172ನೇ ಸುರುಳಿಯಲ್ಲಿ ಮಸಿ ಸ್ಕ್ಯಾನಿನಲ್ಲೇ ತಕ್ಕಮಟ್ಟಿಗೆ ಕಾಣುತ್ತದೆ. ಅದರ ಒಳಗಿನ ಹೆಸರನ್ನು 2025ರ ಮೇ ತಿಂಗಳಲ್ಲಿ ಓದಿದರು: ಫಿಲೊಡೆಮಸ್, 'ದುರ್ಗುಣಗಳ ಕುರಿತು'. ಇತಿಹಾಸಕಾರರಿಗೆ ನಿರಾಸೆಯೇ ಸರಿ. ಆದರೂ ಎಲ್ಲ ಸುರುಳಿಗಳ ಈ ಒಂದು ಗೇಣು ಜಾಗವನ್ನೇ ಮೊದಲು ಓದಿ, ಲ್ಯಾಟಿನ್ ಯಾವುದು, ಚರಿತ್ರೆ ಯಾವುದು ಎಂದು ವಿಂಗಡಿಸಿಕೊಳ್ಳುವುದೇ ಜಾಣತನವೆಂದು ನಮಗನಿಸುತ್ತದೆ.

ಪ್ರಶ್ನೆ: ಪ್ಲಿನಿ ನಮ್ಮ ನೇತ್ರಾವತಿಯನ್ನು ಹೆಸರಿಸಿದ್ದಾನೆಂದು ಕೇಳಿದ್ದೇನೆ. ಇದೇ ವೆಸೂವಿಯಸ್‌ನಲ್ಲಿ ಸತ್ತ ಪ್ಲಿನಿಯೇ ಅವನು?
(ನಿವೃತ್ತ ಬಂದರು ನೌಕರರು, ಉಳ್ಳಾಲ)

ಉತ್ತರ: ಅವನೇ, ಹಿರಿಯ ಪ್ಲಿನಿ. ಕೇರಳ ತೀರದ ಪ್ರಾಚೀನ ಮುಜಿರಿಸ್ ಬಂದರಿನ ಆಸುಪಾಸಿನಲ್ಲಿ 'ನಿಟ್ರಿಯಾಸ್' ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಅವನ ವಿಶ್ವಕೋಶದ ಆರನೇ ಪುಸ್ತಕದಲ್ಲಿದೆ. 'ನಿಟ್ರಿಯಾಸ್' ಅನ್ನು ನೇತ್ರಾವತಿ, ಮಂಗಳೂರುಗಳ ಜೊತೆ ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಅವನು ಮಿಸೇನಮ್ಮಿನ ನೌಕಾಪಡೆಯ ಮುಖ್ಯಸ್ಥನಾಗಿದ್ದು, ಜನರನ್ನು ಪಾರುಮಾಡಲು ಹಡಗು ತೆಗೆದುಕೊಂಡು ಹೋಗಿ 79ರಲ್ಲಿ ತೀರಿಕೊಂಡ. ಜರ್ಮನಿಯ ಯುದ್ಧಗಳ ಬಗ್ಗೆ 20 ಪುಸ್ತಕ, ತನ್ನ ಕಾಲದ ಚರಿತ್ರೆ 31 ಪುಸ್ತಕ ಬರೆದಿದ್ದ. ಅವೆಲ್ಲ ಹೋಗಿವೆ, ವಿಶ್ವಕೋಶವೊಂದು ಉಳಿದಿದೆ.

ಪ್ರಶ್ನೆ: ಪಪೈರಸ್ ನಾಟಕವೊಂದರಲ್ಲಿ ಕನ್ನಡ ಇದೆ, ಕಥೆ ಮಲ್ಪೆಯಲ್ಲಿ ನಡೆಯುತ್ತದೆ ಎನ್ನುವುದು ಎಷ್ಟು ನಿಜ?
(ಹಲವರು, ಮಲ್ಪೆ, ಕಲ್ಯಾಣಪುರ, ಕಟಪಾಡಿ)

ಉತ್ತರ: ಆಕ್ಸಿರಿಂಕಸ್‌ನ 413ನೇ ಪಪೈರಸ್ ಅದು, ಕ್ರಿ.ಶ. 2ನೇ ಶತಮಾನದ್ದು, 1903ರಲ್ಲಿ ಅಚ್ಚಾಯಿತು. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸೆರೆಸಿಕ್ಕಿದ್ದಾಳೆ; ಅವಳ ಕಡೆಯವರು ಅಲ್ಲಿನ ರಾಜನಿಗೆ ಕಂಠಪೂರ್ತಿ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಊರಿನವರ ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಅಲ್ಲ. 1904ರಲ್ಲಿ ಹುಲ್ಟ್ಶ್ ಅವನ್ನು ಕನ್ನಡವೆಂದರು, ಆರ್. ಶಾಮಾಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು, 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ. ಮುಂದೆ ತುಳು ಎಂದೂ, ಊರು ಮಲ್ಪೆಯೇ ಎಂದೂ ವಾದಿಸಿದವರಿದ್ದಾರೆ.

ತೊಡಕು ಇರುವುದು ಬರಹದಲ್ಲಿಯೇ. ಪದಗಳ ನಡುವೆ ಜಾಗ ಬಿಡದೆ ಬರೆದದ್ದರಿಂದ ಎಲ್ಲಿ ಒಡೆಯಬೇಕೆಂದು ಓದುವವರೇ ನಿರ್ಧರಿಸಬೇಕು. ಗ್ರೀಕ್ ಲಿಪಿಯಲ್ಲಿ ನಮ್ಮ ಟ-ತ, ಳ-ಲ ಭೇದವಿಲ್ಲ. ಇದರ ಮೇಲೆ ಇದು ಪ್ರಹಸನ. ನಗಿಸಲೆಂದು ಗೊಣಗಾಟ ಬರೆದಿರಲೂಬಹುದು. ಇಷ್ಟು ಸಡಿಲ ಕಟ್ಟಿನಲ್ಲಿ ಹುಡುಕಿದವರಿಗೆ ತಮ್ಮ ಭಾಷೆ ಸಿಗುವುದು ಸುಲಭ. ಕರಾವಳಿಗೂ ಈಜಿಪ್ಟಿಗೂ ವ್ಯಾಪಾರವಿತ್ತು ಎಂಬುದಕ್ಕೆ ಈ ನಾಟಕ ಬೇಕಾಗಿಲ್ಲ: ವಿಯೆನ್ನಾದಲ್ಲಿರುವ 2ನೇ ಶತಮಾನದ ಪಪೈರಸ್‌ನಲ್ಲಿ ಮುಜಿರಿಸ್ ವ್ಯಾಪಾರದ ಸಾಲಪತ್ರವೂ 'ಹರ್ಮಪೊಲೊನ್' ಎಂಬ ಹಡಗಿನ ಸರಕಿನ ಲೆಕ್ಕವೂ ಇವೆ. ಚರಿತ್ರೆ ಬರೆಯುವವರಿಗೆ ನಾಟಕಕ್ಕಿಂತ ಸಾಲಪತ್ರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ತಾಳೆಗರಿಯ ಕಟ್ಟೊಂದು ಇದೆ. ಹೊಗೆಗೆ ಕಪ್ಪಾಗಿ, ಗರಿಗಳು ಒಂದಕ್ಕೊಂದು ಅಂಟಿವೆ. ಲಿಪಿ ತಿಗಳಾರಿ ಎನ್ನುತ್ತಾರೆ. ಅದನ್ನೂ ಸ್ಕ್ಯಾನ್ ಮಾಡಿ ಓದಬಹುದೇ?
(ಕೃಷಿಕರು, ಪುತ್ತೂರು)

ಉತ್ತರ: ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಪಪೈರಸ್ ಮೇಲೆ ಮಸಿ ಬಳಿದು ಬರೆದಿರುತ್ತಾರೆ. ತಾಳೆಗರಿಯಲ್ಲಿ ಕಬ್ಬಿಣದ ಕಂಟದಿಂದ ಕೊರೆದಿರುತ್ತಾರೆ. ಮಸಿ ಹೋದರೂ ಗೀರು ಉಳಿಯುತ್ತದೆ.

ಮೊದಲು ಬೇಡದ್ದನ್ನು ಹೇಳುತ್ತೇವೆ. ಅಂಟಿದ ಗರಿಗಳ ನಡುವೆ ಚೂರಿ, ಬ್ಲೇಡು, ಸ್ಕೇಲು ತೂರಿಸಬೇಡಿ. ಮೇಲಿನ ಪೊರೆ ಅಕ್ಷರದ ಸಮೇತ ಎದ್ದುಬರುತ್ತದೆ. ಬಿಸಿಲಿಗೆ ಹಾಕಬೇಡಿ, ಗರಿ ಸುರುಟಿ ಸೀಳುತ್ತದೆ. ಸೀಮೆಎಣ್ಣೆ, ತೆಂಗಿನೆಣ್ಣೆ ಎರಡೂ ಬೇಡ. ತೆಂಗಿನೆಣ್ಣೆ ಜಿಡ್ಡುಗಟ್ಟಿ ಧೂಳನ್ನೂ ಬೂಷ್ಟನ್ನೂ ಕರೆಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಗರಿಗಳು ಅಂಟುವುದಕ್ಕೆ ಹಳೆಯ ಎಣ್ಣೆ ಮತ್ತು ತೇವ ಸೇರಿದ್ದೇ ಅರ್ಧ ಕಾರಣ. ಹಳೆಯ ದಾರವನ್ನು ಎಳೆಯಬೇಡಿ, ಕತ್ತರಿಸಿ ತೆಗೆಯಿರಿ. ಗರಿಗಳ ಕ್ರಮ ಮಾತ್ರ ತಪ್ಪಬಾರದು.

ಬಿಡಿಯಾಗಿ ಬರುವ ಗರಿಗಳನ್ನು ಒಣ ಮೆತ್ತನೆಯ ಬ್ರಷ್ಷಿನಿಂದ ಉದ್ದಕ್ಕೆ, ನಾರಿನ ದಿಕ್ಕಿನಲ್ಲಿ ಒರೆಸಿ. ಆಮೇಲೆ ಎರಡೂ ಬದಿಯ ಫೋಟೊ ತೆಗೆಯಿರಿ. ಬೆಳಕು ನೇರ ಮೇಲಿನಿಂದ ಬಿದ್ದರೆ ಕಪ್ಪು ಗರಿಯಲ್ಲಿ ಏನೂ ಕಾಣದು; ಟಾರ್ಚನ್ನು ಒಂದು ಪಕ್ಕದಲ್ಲಿ, ಗರಿಯ ಮೇಲ್ಮೈಗೆ 15ರಿಂದ 20 ಡಿಗ್ರಿ ಓರೆಯಾಗಿ ಹಿಡಿದರೆ ಗೀರುಗಳಲ್ಲಿ ನೆರಳು ಬಿದ್ದು ಅಕ್ಷರ ಏಳುತ್ತದೆ. ಎಡದಿಂದ ಒಂದು, ಮೇಲಂಚಿನ ಕಡೆಯಿಂದ ಒಂದು ತೆಗೆಯಿರಿ, ಏಕೆಂದರೆ ಬೆಳಕಿನ ದಿಕ್ಕಿಗೆ ಸಮನಾದ ಗೀರು ಮಾಯವಾಗುತ್ತದೆ. ಚಿತ್ರದಲ್ಲಿ ಸ್ಕೇಲು ಇರಲಿ, ಗರಿಯ ಅಂಚಿನ ಸಂಖ್ಯೆ ಕಾಣಲಿ. ಸುಮಾರಾಗಿ ಓದಲು ಇಷ್ಟೇ ಸಾಕಾಗಬಹುದು.

ಇಷ್ಟಾದ ಮೇಲೂ ಮಸಕಾಗಿದ್ದರೆ ದೀಪದ ಕಾಡಿಗೆಯನ್ನು ನಿಂಬೆಹುಲ್ಲಿನ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚಿ, ತಕ್ಷಣ ಹತ್ತಿಬಟ್ಟೆಯಿಂದ ಒರೆಸುತ್ತಾರೆ. ಗೀರಿನೊಳಗಿನದು ಉಳಿದು ಮಿಕ್ಕದ್ದು ಹೋಗುತ್ತದೆ. ಕೊರೆಯದೆ ಮಸಿಯಿಂದ ಬರೆದ ಗರಿಗೆ ಇದನ್ನು ಮಾಡಿದರೆ ಬರಹವೇ ಒರೆಸಿಹೋಗುತ್ತದೆ, ಆದ್ದರಿಂದ ಉಗುರಿನ ತುದಿಯಿಂದ ಅಂಚಿನ ಒಂದು ಅಕ್ಷರವನ್ನು ಮುಟ್ಟಿ ಗೀರು ಇದೆಯೇ ನೋಡಿಕೊಳ್ಳಿ. ಅಂಟಿದ ಗಂಟನ್ನು ಮಾತ್ರ ಹಾಗೆಯೇ ಎರಡು ಹಲಗೆಗಳ ನಡುವೆ ಇಟ್ಟು, ಹಸ್ತಪ್ರತಿ ಸಂರಕ್ಷಣೆ ಬಲ್ಲವರಿಗೆ ಒಪ್ಪಿಸಿ. ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಿದರೆ ಯಾರ ಬಳಿ ಹೋಗಬೇಕೆಂದು ತಿಳಿಯುತ್ತದೆ. ಒಂದೇ ಪ್ರತಿ ಉಳಿದಿರುವ ಗ್ರಂಥ ಯಾವ ಅಟ್ಟದಲ್ಲೂ ಇರಬಹುದು: ಜೈನರ ಧವಲಾ ಗ್ರಂಥಗಳು ಮೂಡುಬಿದಿರೆಯ ಬಸದಿಯ ತಾಳೆಗರಿಗಳಲ್ಲಿ ಉಳಿದಿದ್ದರಿಂದಲೇ 1939ರಿಂದ ಅಚ್ಚಾಗಿ ಎಲ್ಲರ ಕೈಸೇರಿದವು.

ಪ್ರಶ್ನೆ: ದುಬೈಯಲ್ಲಿರುವ ಮಗ ಕೈರೋಗೆ ಹೋದಾಗ ಪಪೈರಸ್ ಚಿತ್ರ ತಂದಿದ್ದಾನೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
(ಓದುಗರು, ಕಾಪು)

ಉತ್ತರ: ಬೆಳಕಿಗೆ ಎದುರಾಗಿ ಹಿಡಿಯಿರಿ. ಅಸಲಿ ಪಪೈರಸ್‌ನಲ್ಲಿ ಕಾಂಡದ ಸೀಳುಗಳು ಒಂದು ಪದರ ಅಡ್ಡ, ಒಂದು ಪದರ ಉದ್ದ ಇಟ್ಟು ಒತ್ತಿದ್ದು ಚೌಕಳಿಯಾಗಿ ಕಾಣುತ್ತದೆ, ಸೀಳುಗಳ ಬಣ್ಣವೂ ಒಂದೇ ಸಮ ಇರುವುದಿಲ್ಲ. ಬಾಳೆಯ ನಾರಿನಿಂದ ಮಾಡಿದ ಅಗ್ಗದ ಮಾಲು ಮೆಲ್ಲನೆ ಸುತ್ತಿದರೆ ಬಿರಿಯುತ್ತದೆ. ಅಸಲಿಯದು ಬಾಗಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಪಪೈರಸ್ ಗಿಡ ನಮ್ಮ ಗದ್ದೆಯ ಕೊನ್ನಾರಿಗಡ್ಡೆಯ ಕುಲದ್ದೇ, ಆಳೆತ್ತರ ಮೀರಿ ಬೆಳೆಯುತ್ತದೆ. ಚೌಕಟ್ಟು ಹಾಕಿಸುವಾಗ ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಅಂಚು ಕೊಡಿಸಿ, ಹೊರಗೋಡೆಗೆ ತೂಗುಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆಯ ತೇವಕ್ಕೆ ಹಾಳೆಗೆ ಬೂಷ್ಟು ಬರುತ್ತದೆ.